ಎರಡು ಅಳಿವೆ, ಒಂದು ಡೇರೆ

ಡೇರೆಯ ಗೂಟ ಮರಳಿನಲ್ಲಿ ನಿಲ್ಲಲೇ ಇಲ್ಲ. ಹೊಡೆದಷ್ಟೂ ಸಲೀಸಾಗಿ ಒಳಗಿಳಿಯುತ್ತಿತ್ತು, ಹಗ್ಗ ಬಿಗಿದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಎದ್ದು ಬರುತ್ತಿತ್ತು. ಜಗಲಿಯಲ್ಲಿ ಕೂತು ನಮ್ಮ ಸರ್ಕಸ್ ನೋಡುತ್ತಿದ್ದ ತೋಟದ ಮನೆಯ ಅಜ್ಜಿ ಕೊನೆಗೆ ಎದ್ದು ಬಂದರು. ಗೂಟದ ಕಡೆ ನೋಡಲೂ ಇಲ್ಲ. ತಲೆಯೆತ್ತಿ ತೆಂಗಿನ ಗೊನೆ ನೋಡಿ, “ಮೊದ್ಲು ಇಲ್ಲಿಂದ ಎಬ್ಸಿ. ಕಾಯಿ ಬೀಳ್ತದೆ, ಮಕ್ಕಳಿದ್ದಾರೆ” ಅಂದರು.

ಡೇರೆ ಹತ್ತು ಮಾರು ಆಚೆ ಹೋಯಿತು. ಆಮೇಲೆ ಒಣಗಿದ ತೆಂಗಿನ ಗರಿಗಳ ದಪ್ಪ ಬುಡಗಳನ್ನು ನನ್ನ ಮಗಳ ಕೈಲಿ ತರಿಸಿದರು. ಒಂದೊಂದರ ನಡುವಿಗೆ ಹಗ್ಗ ಬಿಗಿದು, ಮೊಣಕೈ ಆಳದ ಗುಂಡಿಯಲ್ಲಿ ಅಡ್ಡ ಮಲಗಿಸಿ, ಮರಳು ಮುಚ್ಚಿ ತುಳಿಯಲು ಹೇಳಿದರು. ತುಳಿಯುವ ಕೆಲಸ ಆರು ವರ್ಷದ ಮಗನದು. ಆ ರಾತ್ರಿ ಕಡಲ ಗಾಳಿ ಬಟ್ಟೆಯನ್ನು ಪಟಪಟ ಬಡಿಯಿತು, ಡೇರೆ ಮಾತ್ರ ಅಲುಗಲಿಲ್ಲ.

ಇದು ಕುಮಟಾ ತಾಲ್ಲೂಕಿನ ಅಘನಾಶಿನಿ. ಹೊಳೆಗೂ ಊರಿಗೂ ಒಂದೇ ಹೆಸರು. ಎದುರು ದಡದಲ್ಲಿ ತದಡಿ ಬಂದರು, ಅದರಾಚೆ ಗೋಕರ್ಣ. ಇಲ್ಲಿಂದ ತೆಂಕಣಕ್ಕೆ ಮೂವತ್ತು ಕಿಲೊಮೀಟರ್ ಆಸುಪಾಸಿನಲ್ಲಿ ಹೊನ್ನಾವರ, ಅಲ್ಲಿ ಶರಾವತಿ ಕಡಲು ಸೇರುತ್ತದೆ. ಈ ಎರಡು ಅಳಿವೆಗಳ ನಡುವಿನ ತುಣುಕು ಕರಾವಳಿಗೆ ನಾವು ನಾಲ್ಕು ದಿನ ಕೊಟ್ಟೆವು. ಕಾರವಾರದಿಂದ ಮಂಗಳೂರಿನವರೆಗೆ ಹೆದ್ದಾರಿ 66ರಲ್ಲಿ ಒಂದೇ ಉಸಿರಿಗೆ ಓಡಿ, ದಾರಿಯಲ್ಲಿ ಸಿಕ್ಕ ಬೀಚುಗಳನ್ನೆಲ್ಲ ಎಣಿಸಿ ಬರುವವರಿದ್ದಾರೆ. ಮಕ್ಕಳನ್ನು ಕಟ್ಟಿಕೊಂಡು ಹಾಗೆ ಹೋದರೆ ಅವರಿಗೆ ನೆನಪಿರುವುದು ಕಾರಿನ ಕಿಟಕಿ ಮಾತ್ರ.

ಪರೀಕ್ಷೆ ಮುಗಿದ ಮರುದಿನವೇ ಹೊರಟಿದ್ದೆವು. ಸೆಕೆಯ ಕಾಲ, ಒಪ್ಪುತ್ತೇನೆ. ಆರಾಮ ಬೇಕೆಂದರೆ ಡಿಸೆಂಬರ್ ಒಳ್ಳೆಯದು. ಆದರೆ ಉಪ್ಪಿನ ಗದ್ದೆ, ಕಡಲಾಮೆಯ ಗೂಡು, ಕುಮಟೆಯ ಈರುಳ್ಳಿ ಮೂರೂ ಒಟ್ಟಿಗೆ ನೋಡಸಿಗುವುದು ಈ ದಿನಗಳಲ್ಲೇ. ಸಾಗರ, ಜೋಗ ದಾಟಿ ಗೇರುಸೊಪ್ಪ ಘಟ್ಟ ಇಳಿಯುವಾಗ ಮಗ ಎರಡು ಸಲ ವಾಂತಿ ಮಾಡಿಕೊಂಡ. ಮೂರನೆಯ ಸಲಕ್ಕೆ ನಿಂತ ಗೂಡಂಗಡಿಯಲ್ಲಿ ಮುರುಗಲು ಹಣ್ಣಿನ ಪಾನಕ ಸಿಕ್ಕಿತು. ಘಟ್ಟ ಮರೆತುಹೋಯಿತು.

ಮೊದಲ ಬಿಡಾರ ಹೊನ್ನಾವರದ ಸೇತುವೆಯಾಚೆಯ ಕಾಸರಕೋಡಿನಲ್ಲಿ. 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಇದು. ಗಾಳಿಮರಗಳ ನೆರಳು, ಸ್ನಾನದ ಕೋಣೆ, ಈಜಲು ಗುರುತು ಮಾಡಿದ ಜಾಗ, ಜೀವರಕ್ಷಕರು, ಎಲ್ಲ ಇವೆ. ಚಿಕ್ಕ ಮಕ್ಕಳಿರುವವರು ನೀರಿಗಿಳಿಯುವುದಾದರೆ ಇಲ್ಲೇ ಇಳಿಯಲಿ. ಅಳಿವೆಯ ಬಾಯಲ್ಲಿ ಮಾತ್ರ ಕಾಲಿಡಬಾರದು. ಮೇಲೆ ತಣ್ಣಗೆ ಕಂಡರೂ ಹೊಳೆಯ ಸೆಳೆತ, ಕಡಲಿನ ಸೆಳೆತ ಎರಡೂ ಅಲ್ಲಿ ಸೇರುತ್ತವೆ. ಮರಳ ದಿಬ್ಬ ನಿನ್ನೆ ಇದ್ದಲ್ಲಿ ಇಂದು ಇರುವುದಿಲ್ಲ.

ತೀರದಲ್ಲೇ ಡೇರೆ ಹಾಕುವ ಆಸೆ ಮಕ್ಕಳಿಗಿತ್ತು. ಅದಕ್ಕೆ ಅಡ್ಡ ಬಂದದ್ದು ಕಡಲಾಮೆ. ಆಲಿವ್ ರಿಡ್ಲೆ ಆಮೆಗಳು ಈ ಮರಳಿಗೆ ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬಂದು, ಕಡಲಿನ ಮೇಲಿನ ಬೆಳಕನ್ನು ನಂಬಿ ನೀರಿನತ್ತ ಹರಿಯುತ್ತದೆ. ದಡದಲ್ಲಿ ನಮ್ಮ ಬೆಂಕಿಯೋ ಟಾರ್ಚೋ ಉರಿಯುತ್ತಿದ್ದರೆ ದಾರಿ ತಪ್ಪಿ ಊರಿನ ಕಡೆ ಹೊರಡುತ್ತದೆ. ಇದನ್ನು ಕೇಳಿದ ಮಗಳು ಬ್ಯಾಟರಿ ದೀಪವನ್ನು ನನ್ನ ಕೈಯಿಂದ ಕಸಿದುಕೊಂಡು ಚೀಲದ ತಳಕ್ಕೆ ತುರುಕಿದಳು. ಒಂದು ಮನೆಯ ಹಿತ್ತಲಲ್ಲಿ, ಮಾಲೀಕರನ್ನು ಕೇಳಿ, ಬಾವಿಯ ಪಕ್ಕ ಬಿಡಾರ ಹೂಡಿದೆವು. ನನ್ನ ಅನುಭವದಲ್ಲಿ ಮಕ್ಕಳಿರುವ ಬಿಡಾರಕ್ಕೆ ಕಡಲಿನ ನೋಟಕ್ಕಿಂತ ಸಿಹಿನೀರಿನ ಬಾವಿಯೇ ಹೆಚ್ಚು ಉಪಕಾರಿ. ಮೈಯ ಉಪ್ಪು ತೊಳೆಯದೆ ಯಾವ ಮಗುವೂ ನಿದ್ದೆ ಮಾಡುವುದಿಲ್ಲ.

ಮರುದಿನ ಶರಾವತಿಯ ಕಾಂಡ್ಲಾವನ. ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಹಾಕಿದ್ದಾರೆ. ಕೆಳಗೆ ಕೆಸರಿನಿಂದ ಪೆನ್ಸಿಲಿನಂತೆ ನೆಟ್ಟಗೆ ಎದ್ದ ಉಸಿರಾಟದ ಬೇರುಗಳು, ಅವುಗಳ ನಡುವೆ ಒಂದೇ ದೊಡ್ಡ ಕೊಂಬು ಬೀಸುವ ಕೆಂಪು ಏಡಿಗಳು. ಆಮೇಲೆ ದೋಣಿ ಹತ್ತಿ ಹೊಳೆಯಲ್ಲಿ ಮೇಲಕ್ಕೆ ಹೋದೆವು. ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಇಲ್ಲಿಯದೇ, ಎರಡು ಕಿಲೊಮೀಟರಿಗೂ ಮಿಕ್ಕಿದ್ದು. ಮಗ ಬೋಗಿ ಎಣಿಸುವುದರಲ್ಲಿದ್ದ. ಮಗಳು ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ, “ಇದು ಸಪ್ಪೆ” ಎಂದಳು.

ಸಪ್ಪೆಯಾಗಿರಲು ಕಾರಣವಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಬಂತು, ಮುಂದೆ ಗೇರುಸೊಪ್ಪದಲ್ಲಿ ಇನ್ನೊಂದು. ವಿದ್ಯುತ್ತಿಗೆಂದು ಬಿಟ್ಟ ನೀರು ಬೇಸಗೆಯಲ್ಲೂ ಹರಿದು ಬರುತ್ತದೆ. ಹಾಗಾಗಿ ಬೇಸಗೆಯಲ್ಲಿ ಉಪ್ಪೇರಬೇಕಾದ ಅಳಿವೆಗೆ ಸಿಹಿನೀರು ಬೆರೆಯುತ್ತಲೇ ಇರುತ್ತದೆ. ಉಪ್ಪುನೀರನ್ನೇ ನೆಚ್ಚಿದ ಬಳಚಿನಂಥ ಚಿಪ್ಪಿನ ಜೀವಿಗಳು ಇಲ್ಲಿ ಕಡಿಮೆಯಾಗಿವೆ. ಬೆಂಗಳೂರಿನ ನಮ್ಮ ಮನೆಯ ಫ್ಯಾನು ತಿರುಗುವುದಕ್ಕೂ ಹೊನ್ನಾವರದ ಬಳಚಿಗೂ ಸಂಬಂಧವಿದೆ ಎಂದಾಗ ಮಗಳು ನಂಬಲಿಲ್ಲ. ಅಘನಾಶಿನಿಯಲ್ಲೂ ಬೆರಳದ್ದಿ ನೋಡೋಣ ಎಂದು ಪಂದ್ಯ ಕಟ್ಟಿದಳು.

ಮಧ್ಯಾಹ್ನ ಅಪ್ಸರಕೊಂಡಕ್ಕೆ ಹೋದೆವು. ಜಲಪಾತ ಆ ಹೊತ್ತಿಗೆ ನೂಲಿನಷ್ಟಾಗಿತ್ತು. ಮೇಲಿನ ಗುಡ್ಡದಿಂದ ಕಡಲು ಚೆನ್ನಾಗಿ ಕಾಣುತ್ತದೆ, ಮಂಗಗಳು ಬಾಳೆಹಣ್ಣು ಕದಿಯುತ್ತವೆ. ಅಷ್ಟೇ.

ಕುಮಟೆ ದಾಟುತ್ತಲೇ ಹೆದ್ದಾರಿಯ ಅಂಚಿನಲ್ಲಿ ಈರುಳ್ಳಿ ಶುರು. ಅಳ್ವೆಕೋಡಿಯ ಬಳಿ ಗಳುಗಳಿಗೆ ಸಾಲಾಗಿ ತೂಗುಹಾಕಿದ ಗೊಂಚಲುಗಳು, ಒಣಗಿದ ದಂಟನ್ನೇ ಜಡೆ ಹೆಣೆದಂತೆ ಕಟ್ಟಿರುತ್ತಾರೆ. ಹಸಿಯಾಗಿ ಕಚ್ಚಿದರೂ ಕಣ್ಣಲ್ಲಿ ನೀರು ಬಾರದ ಸಿಹಿ. ಒಂದು ಜಡೆ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ನಡುವೆ ಕೂತಿತು.

ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಂದೇ ಒಂದು ದೊಡ್ಡ ಅಣೆಕಟ್ಟು ಕಾಣದೆ ಕಡಲಿಗೆ ಬರುವ ಹೊಳೆ. ಇದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಪಟ್ಟಿಯ ಸಂಗತಿ ಮಕ್ಕಳಿಗೆ ಬೇಕಿರಲಿಲ್ಲ. ಅವರಿಗೆ ಬೇಕಿದ್ದುದು ಬಳಚು. ಸಂಜೆಯೇ ಅಳಿವೆಗೆ ಓಡಲು ನಿಂತವರನ್ನು ಅಜ್ಜಿ ತಡೆದರು. “ಈಗ ಎಂತ ಸಿಗ್ತದೆ? ಭರತ ಏರ್ತಾ ಉಂಟು. ನೀರು ಇಳೀಲಿ, ಬೆಳಿಗ್ಗೆ ಹೋಗುವ.” ನಾನು ಮೊಬೈಲ್ ತೆಗೆದು ಉಬ್ಬರದ ವೇಳೆ ಹುಡುಕತೊಡಗಿದೆ. ಅಜ್ಜಿ ತಿಥಿ ಎಣಿಸಿ ಹೊತ್ತು ಹೇಳಿಬಿಟ್ಟರು. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುಮಾರಿಗೆ ಏರಿಳಿತ ಸಣ್ಣದು. ದಿನಕ್ಕೆರಡು ಇಳಿತ, ಪ್ರತಿ ದಿನ ಐವತ್ತು ನಿಮಿಷದಷ್ಟು ತಡ. ಆ ಲೆಕ್ಕ ಹಿಡಿದು ಮಗಳು ಮುಂದಿನ ಎರಡು ದಿನದ ಊಟ, ನಿದ್ದೆ, ತಿರುಗಾಟಗಳಿಗೆ ವೇಳಾಪಟ್ಟಿ ಬರೆದಳು. ಶಾಲೆಯ ವೇಳಾಪಟ್ಟಿಯನ್ನು ಅವಳು ಅಷ್ಟು ಶ್ರದ್ಧೆಯಿಂದ ಪಾಲಿಸಿದ್ದು ನಾನು ನೋಡಿಲ್ಲ.

ಬೆಳಿಗ್ಗೆ ಹೋದರೆ ಹೊಳೆ ಜಾಗ ಖಾಲಿ ಮಾಡಿತ್ತು. ರಾತ್ರಿ ನೀರಿದ್ದಲ್ಲಿ ಹೊಳೆಯುವ ಕೆಸರಿನ ಬಯಲು, ಅದರ ತುಂಬ ಬುಟ್ಟಿ ಹಿಡಿದ ಹೆಂಗಸರು, ಗಂಡಸರು. ಕೆಲವರು ಮೊಣಕಾಲುದ್ದ ನೀರಲ್ಲಿ ನಿಂತು ಪಾದದಿಂದಲೇ ತಡಕುತ್ತಿದ್ದರು. ಅಂಗಾಲಿಗೆ ಗಟ್ಟಿ ತಾಗಿದರೆ ಬಗ್ಗುತ್ತಿದ್ದರು. ಮಗ ಅರ್ಧ ಗಂಟೆಯಲ್ಲಿ ಹನ್ನೊಂದು ಹಿಡಿದ, ಅದರಲ್ಲಿ ನಾಲ್ಕು ಬರೀ ಚಿಪ್ಪು. ಉಗುರಿಗಿಂತ ಚಿಕ್ಕದಿದ್ದ ಎರಡನ್ನು ಪಕ್ಕದಲ್ಲಿದ್ದ ಹೆಂಗಸು ಅವನ ಅಂಗೈಯಿಂದ ತೆಗೆದು ವಾಪಸ್ ನೀರಿಗೆಸೆದರು. ಉಳಿದದ್ದು ಐದು. ಅಜ್ಜಿ ಆ ಐದನ್ನೂ ತಮ್ಮ ಬುಟ್ಟಿಗೆ ಸೇರಿಸಿ, ಕಾಯಿತುರಿ ಹಾಕಿ ಸುಕ್ಕೆ ಮಾಡಿದರು. ತಟ್ಟೆಯಲ್ಲಿ ಯಾವುದು ತನ್ನದೆಂದು ಹುಡುಕುತ್ತ ಮಗ ಮೂರು ಸಲ ಬಡಿಸಿಕೊಂಡ.

ಕೊನೆಯ ದಿನ ಕಾರನ್ನು ಈಚೆಯೇ ಬಿಟ್ಟು ದೋಣಿಯಲ್ಲಿ ತದಡಿಗೆ ದಾಟಿ, ಅಲ್ಲಿಂದ ರಿಕ್ಷಾ ಹಿಡಿದು ಸಾಣಿಕಟ್ಟೆಯ ಉಪ್ಪಿನ ಗದ್ದೆಗೆ ಹೋದೆವು. ಇದೇ ಅಳಿವೆಯ ನೀರು ಕಾಲುವೆಗಳಲ್ಲಿ ಒಳಬಂದು, ಒಂದು ಅಂಕಣದಿಂದ ಇನ್ನೊಂದಕ್ಕೆ ದಾಟುತ್ತ ದಪ್ಪಗಾಗಿ, ಕೊನೆಯ ಅಂಕಣದಲ್ಲಿ ಬಿಸಿಲಿಗೆ ಹರಳು ಕಟ್ಟುತ್ತದೆ. ಕೆಲಸಗಾರರು ಅದನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ಬದುವಿನ ಮೇಲೆ ಗುಡ್ಡೆ ಹಾಕುತ್ತಾರೆ. ಹತ್ತಿರದಿಂದ ನೋಡಿದರೆ ಅದು ಬಿಳಿಯಲ್ಲ, ಮಣ್ಣಿನ ನಸುಬೂದು ಛಾಯೆ. ಹೊಳೆಯ ಇನ್ನೊಂದು ಬದಿಗೆ ಮಾಣಿಕಟ್ಟೆಯ ಗಜನಿ ಗದ್ದೆಗಳು. ಉಪ್ಪುನೀರು ನಿಂತರೂ ಜಗ್ಗದ ಕಗ್ಗ ಭತ್ತ ಬೆಳೆಯುವ ನೆಲ ಅದು. ಕಗ್ಗಕ್ಕೆ ಗೊಬ್ಬರವಿಲ್ಲ, ಔಷಧಿಯಿಲ್ಲ. ಈಗ ಬೆಳೆಯುವವರೇ ಕಡಿಮೆ.

ಸಾಣಿಕಟ್ಟೆಯ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮಗಳು ಕಾಲುವೆಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಮುಖ ಹಿಂಡಿ ಹೋಯಿತು. ಪಂದ್ಯ ಸೋತೆಯಾ ಎಂದೆ. ಉತ್ತರ ಕೊಡದೆ ತಮ್ಮನ ಬೆರಳನ್ನೂ ಹಿಡಿದು ಅದ್ದಿಸಿದಳು.