ಎಲ್‌ಎಸ್‌ಡಿ ಇದೆ ಅಂದ್ರೆ 60,000 ಜಾಸ್ತಿ ಕೊಡ್ಬೇಕಾ?

ಹೋದ ಸೆಮಿಸ್ಟರ್ ಇಂಟರ್ನಲ್ಸ್ ನಡೀತಿದ್ದಾಗ ಶಿಡ್ಲಘಟ್ಟದಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ. "ಲೋ, ನೀನು ಮೆಕ್ಯಾನಿಕಲ್ ತಾನೆ ಓದ್ತಿರೋದು? ಈ ಎಲ್‌ಎಸ್‌ಡಿ ಅಂದ್ರೆ ಏನೋ? ಅದು ಹಾಕ್ಸಿದೀನಿ, ಅದಕ್ಕೇ 60,000 ಜಾಸ್ತಿ ಅಂತಾವ್ನೆ." ಅಣ್ಣ ನೋಡ್ತಿದ್ದಿದ್ದು ಬೆಂಗಳೂರಿನ ಒಬ್ಬರ ಹಳೇ ಟರ್ಬೊ ಹ್ಯಾಚ್‌ಬ್ಯಾಕ್. ಎಂಜಿನ್ ರೀಮ್ಯಾಪ್ ಮಾಡಿಸಿದ್ದು, ಸ್ಪೋರ್ಟ್ಸ್ ಕಾರು ಅಂತಲೇ ಮಾರಾಟಕ್ಕಿಟ್ಟಿದ್ದರು. ಅಣ್ಣನ ದುಡ್ಡು ಮೂರು ವರ್ಷ ರೇಷ್ಮೆಗೂಡು ಮಾರಿ ಕೂಡಿಟ್ಟಿದ್ದು. ಹುಳ ಸಾಕಿದವರಿಗೆ ಗೊತ್ತು, 60,000 ಅಂದ್ರೆ ಎಷ್ಟು ರಾತ್ರಿ ನಿದ್ದೆ ಅಂತ.

ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ನಗಬೇಡಿ, ಇನ್ನೊಂದು ಎಲ್‌ಎಸ್‌ಡಿ ಬಗ್ಗೆ ಬರೆದರೆ ಪ್ರಿನ್ಸಿಪಾಲ್ ಕರೆಸ್ತಾರೆ.

ಮೊದಲು ಬರೀ ಡಿಫರೆನ್ಷಿಯಲ್ ಯಾಕೆ ಬೇಕು ನೋಡೋಣ. ನಂದಿ ಬೆಟ್ಟದ ಒಂದು ಹೇರ್‌ಪಿನ್ ತಗೊಳ್ಳಿ, ಪೂರ್ತಿ ಅರ್ಧ ವೃತ್ತ ತಿರುಗುವಂಥದ್ದು. ಎಡ ಬಲ ಚಕ್ರಗಳ ನಡುವೆ 1.5 ಮೀಟರ್ ಅಂತರ ಇದ್ದರೆ, ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.7 ಮೀಟರ್ ಹೆಚ್ಚು ಓಡಬೇಕು. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಅರ್ಧ ವೃತ್ತಕ್ಕೆ ಈ ಲೆಕ್ಕ ಬದಲಾಗಲ್ಲ. ಪೈ ಇಂಟು 1.5, ಅಷ್ಟೇ. ಎರಡು ಚಕ್ರವನ್ನೂ ಒಂದೇ ಅಚ್ಚಿಗೆ ಬಿಗಿದುಬಿಟ್ಟರೆ ಯಾವುದೋ ಒಂದು ಚಕ್ರ ರಸ್ತೆ ಮೇಲೆ ಉಜ್ಜಿಕೊಂಡೇ ಹೋಗಬೇಕು. ಇದಕ್ಕೆ ಗೇರಿನಲ್ಲೇ ಪರಿಹಾರ ಕೊಟ್ಟವನು ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್, 1827ರಲ್ಲಿ, ಅದೂ ಉಗಿ ಬಂಡಿಗೆ.

ಆದರೆ ಮಾಮೂಲಿ ಡಿಫ್‌ಗೆ ಒಂದು ಕೆಟ್ಟ ಗುಣ ಇದೆ. ಅದು ಎರಡು ಚಕ್ರಕ್ಕೂ ಹೆಚ್ಚುಕಮ್ಮಿ ಒಂದೇ ಸಮನಾದ ಟಾರ್ಕ್ ಕೊಡುತ್ತೆ. ಕೇಳೋಕೆ ನ್ಯಾಯವಾಗೇ ಇದೆ. ಒಂದು ಚಕ್ರ ಕೆಸರಲ್ಲಿದ್ದು 100 ನ್ಯೂಟನ್ ಮೀಟರ್‌ಗೇ ಜಾರುತ್ತೆ, ಇನ್ನೊಂದು ಗಟ್ಟಿ ನೆಲದ ಮೇಲಿದ್ದು 1,000 ತಡೆಯುತ್ತೆ ಅಂದುಕೊಳ್ಳಿ. ಗಟ್ಟಿ ನೆಲದ ಚಕ್ರಕ್ಕೂ ಸಿಗೋದು 100 ಮಾತ್ರ. ಒಟ್ಟು 200. ಎಂಜಿನ್ ಎಷ್ಟೇ ಕೂಗಾಡಲಿ, ಕೆಸರಿನ ಚಕ್ರ ಗಿರಗಿರ ಅಂತ ಸುತ್ತುತ್ತೆ, ಗಾಡಿ ಅಲ್ಲೇ ನಿಂತಿರುತ್ತೆ. ಒಳ್ಳೆ ಚಕ್ರ ಕೆಟ್ಟ ಚಕ್ರದ ಮಟ್ಟಕ್ಕೇ ಇಳಿಯಬೇಕು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಚಿಂತಾಮಣಿ ಕಡೆ ಟೊಮೆಟೊ ತೋಟಕ್ಕೆ ಟ್ರಾಕ್ಟರ್ ಇಳಿಸಿದ ಯಾರನ್ನಾದರೂ ಕೇಳಿ, ಕಾಲ ಹತ್ತಿರ ಒಂದು ಸಣ್ಣ ಪೆಡಲ್ ತೋರಿಸ್ತಾರೆ. ಅದು ಡಿಫ್ ಲಾಕ್. ಒತ್ತಿದರೆ ಎರಡು ಹಿಂದಿನ ಚಕ್ರವೂ ಒಂದಾಗಿ ತಿರುಗುತ್ತವೆ, ಕೆಸರಿಂದ ಆಚೆ ಬಂದ ಮೇಲೆ ಬಿಡಬೇಕು. ಒತ್ತಿಕೊಂಡೇ ತಿರುಗಿಸಿದರೆ ಬೈಗುಳ ಗ್ಯಾರಂಟಿ.

ಎಲ್‌ಎಸ್‌ಡಿ ಇವೆರಡರ ನಡುವಿನದು: ತಿರುವಿನಲ್ಲಿ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಬಿಡುತ್ತೆ, ಒಂದು ಜಾರಿದಾಗ ಇನ್ನೊಂದಕ್ಕೆ ಹೆಚ್ಚು ಟಾರ್ಕ್ ಕಳಿಸುತ್ತೆ. ಒಂದು ಜಾತಿಯಲ್ಲಿ ಕ್ಲಚ್ ಪ್ಲೇಟುಗಳಿರುತ್ತವೆ. ಇನ್ನೊಂದರಲ್ಲಿ ಬರೀ ಓರೆಹಲ್ಲಿನ ಗೇರುಗಳು. ಟಾರ್ಸೆನ್ ಹೆಸರು ಕೇಳಿರಬಹುದು. ಗೇರ್ ಜಾತಿಯದು ಜಾರುವ ಚಕ್ರದ ಟಾರ್ಕಿಗೆ ಇಂತಿಷ್ಟು ಪಟ್ಟು ಅಂತ ಇನ್ನೊಂದಕ್ಕೆ ಕೊಡುತ್ತೆ. 2.5 ಪಟ್ಟು ಅಂದುಕೊಂಡರೆ ಮೇಲಿನ ಲೆಕ್ಕದಲ್ಲಿ 100 ಮತ್ತು 250, ಒಟ್ಟು 350. ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ? ಸೊನ್ನೆಯ 2.5 ಪಟ್ಟು ಸೊನ್ನೆಯೇ. ಆಗ ಬ್ರೇಕನ್ನು ಸ್ವಲ್ಪ ಒತ್ತಿ ಆ ಚಕ್ರಕ್ಕೆ ಭಾರ ಕೊಡಬೇಕು. ವೈವಾದಲ್ಲಿ ಇದನ್ನು ಹೇಳಿ, ಎಕ್ಸ್‌ಟರ್ನಲ್ ಖುಷಿಯಾಗ್ತಾರೆ.

ಈಗಿನ ಎಷ್ಟೋ ಕಾರುಗಳಲ್ಲಿ ಇನ್ನೊಂದು ಉಪಾಯ ಇದೆ. ಡಿಫ್ ಮಾಮೂಲಿಯೇ, ಜಾರುವ ಚಕ್ರವನ್ನು ಕಂಪ್ಯೂಟರ್ ಬ್ರೇಕ್ ಒತ್ತಿ ಹಿಡಿಯುತ್ತೆ. 2023ರಲ್ಲಿ ಬಂದ ಜಿಮ್ನಿಯಲ್ಲಿರೋದು ಇಂಥದ್ದೇ. ಕೆಲಸ ಮಾಡುತ್ತೆ, ಆದರೆ ಬ್ರೇಕ್ ಬಿಸಿಯಾಗುತ್ತೆ, ಪ್ಯಾಡ್ ಸವೆಯುತ್ತೆ. ಜಾಹೀರಾತಿನಲ್ಲಿ ಇದನ್ನೂ 'ಎಲ್‌ಎಸ್‌ಡಿ' ಅಂತಲೇ ಬರೆಯೋದರಿಂದ ಹಳೇ ಕಾರು ಮಾರುವವರು ಧಾರಾಳವಾಗಿ ಆ ಪದ ಬಳಸ್ತಾರೆ. ಕಂಪನಿಯಿಂದಲೇ ನಿಜವಾದದ್ದು ಬರೋದು ಅಪರೂಪ. 2020ರಲ್ಲಿ ಭಾರತಕ್ಕೆ 200 ಮಾತ್ರ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245ರಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ್ದು ಇತ್ತು. ಅಂಥ ಗಾಡಿಗೆ ಅದು ಬೆಲೆಯ ಭಾಗವೇ.

ಅಣ್ಣನ ಕಥೆಗೆ ಬರೋಣ. ಭಾನುವಾರ ಇಬ್ಬರೂ ಹೋದ್ವಿ. ಒಂದು ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಲಿಫ್ಟ್ ಮೇಲೆ ಹಾಕಿಸಿ, ಎಂಜಿನ್ ಆಫ್ ಮಾಡಿ, ಫಸ್ಟ್ ಗೇರಿನಲ್ಲಿಟ್ಟು ಮುಂದಿನ ಒಂದು ಚಕ್ರವನ್ನು ಕೈಯಿಂದ ತಿರುಗಿಸಿದೆ. ಕ್ಲಚ್ ಪ್ಲೇಟಿನ ಎಲ್‌ಎಸ್‌ಡಿ ಆಗಿದ್ದರೆ ಅದು ಹಟ ಹಿಡಿಯಬೇಕು. ಇದು ಸಲೀಸಾಗಿ ತಿರುಗ್ತು, ಆ ಕಡೆ ಚಕ್ರ ಉಲ್ಟಾ ತಿರುಗ್ತು. ಅಣ್ಣನ ಕಡೆ ನೋಡಿ ನಕ್ಕೆ. ಮಾರುವವರು ತಕ್ಷಣ, "ಇದು ಗೇರ್ ಟೈಪ್ ಬಾಸ್, ಹಂಗೇ ತಿರುಗೋದು" ಅಂದರು. ನನ್ನ ನಗು ನಿಂತಿತು, ಯಾಕಂದ್ರೆ ಅವರು ಹೇಳಿದ್ದು ಸರಿ. ಭಾರವಿಲ್ಲದಾಗ ಗೇರ್ ಜಾತಿಯದು ಮಾಮೂಲಿ ಡಿಫ್‌ನಂತೆಯೇ ವರ್ತಿಸುತ್ತೆ. ಲಿಫ್ಟ್ ಮೇಲೆ ಎರಡನ್ನೂ ಬೇರೆ ಮಾಡೋಕಾಗಲ್ಲ.

ಬಿಲ್ ಕೇಳಿದ್ವಿ, ಇಲ್ಲ. ಯಾವ ಕಂಪನಿಯದು, ಪಾರ್ಟ್ ನಂಬರ್ ಏನು? "ಫ್ರೆಂಡ್ ಹಾಕ್ಸಿದ್ದು." ಕೊನೆಗೆ ಯಾರೂ ಇಲ್ಲದ ಖಾಲಿ ಲೇಔಟ್ ರಸ್ತೆಗೆ ಹೋಗಿ, ಎಡ ಚಕ್ರ ಅಂಚಿನ ಮರಳಿನ ಮೇಲೆ, ಬಲ ಚಕ್ರ ಡಾಂಬರಿನ ಮೇಲೆ ಬರೋ ಹಾಗೆ ನಿಲ್ಲಿಸಿ, ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ ಎಳೆಸಿದ್ವಿ. ಮರಳಿನ ಚಕ್ರ ಒಂದೇ ಸುತ್ತಿ ಗುಂಡಿ ತೋಡ್ತು. ಮೂರು ಸಲ ಮಾಡಿದರೂ ಅದೇ. ಒಳಗೆ ಎಲ್‌ಎಸ್‌ಡಿ ಇಲ್ಲ, ಅಥವಾ ಇದ್ದೂ ಕೆಲಸ ಮಾಡ್ತಿಲ್ಲ. ಎರಡರಲ್ಲಿ ಯಾವುದಾದರೂ 60,000 ಕೊಡೋಕೆ ಕಾರಣ ಇಲ್ಲ. ಗೇರ್‌ಬಾಕ್ಸ್ ಬಿಚ್ಚಿ ನೋಡೋಣ ಅಂದಾಗ ಅವರೇ ಆ ಮಾತು ಬಿಟ್ಟರು.

ಇದ್ದಿದ್ದರೆ ಕೊಡಬೇಕಿತ್ತಾ? ನನ್ನ ಪ್ರಕಾರ ಆಗಲೂ ಬೇಡ. ಅಣ್ಣ ದಿನಾ ಓಡಿಸೋದು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ, ತಿಂಗಳಿಗೊಮ್ಮೆ ಗೌರಿಬಿದನೂರಿನ ಅತ್ತಿಗೆ ಮನೆಗೆ. ಮುಂದಿನ ಚಕ್ರದ ಕಾರಿನಲ್ಲಿ ಎಲ್‌ಎಸ್‌ಡಿ ಇದ್ದರೆ ತಿರುವಿನಿಂದ ಜೋರಾಗಿ ಎಳೆಸಿಕೊಂಡು ಬರುವಾಗ ಲಾಭ ನಿಜ, ಆದರೆ ಸ್ಟೇರಿಂಗ್ ಕೈಯಲ್ಲಿ ಎಳೆದಾಡೋದೂ ಜಾಸ್ತಿಯಾಗಬಹುದು. ರ‍್ಯಾಲಿ ಓಡಿಸುವವರಿಗೆ ಅದು ಬೇಕೇ ಬೇಕು. ಹಿಂದಿನ ಚಕ್ರದ, ಪವರ್ ಜಾಸ್ತಿ ಇರುವ ಕಾರಿಗೂ ನಾನು ಕೇಳಿ ನೋಡಿಯೇ ತಗೋತೀನಿ.

ನಮ್ಮ ಹುಡುಗ್ರು ಸ್ಪೋರ್ಟ್ಸ್ ಕಾರಿಗಿಂತ ಹೆಚ್ಚು ಹುಡುಕೋದು ಹಳೇ ಥಾರ್. ಅಲ್ಲಿ ಮಾತೇ ಬೇರೆ. 2015ರ ಥಾರ್‌ನಿಂದ ಹಿಂದಿನ ಆಕ್ಸಲ್‌ನಲ್ಲಿ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕಿಂಗ್ ಡಿಫ್ ಬಂತು. ಎರಡು ಚಕ್ರದ ವೇಗದಲ್ಲಿ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದರೆ ತಾನೇ ಲಾಕ್ ಆಗುತ್ತೆ. 2020ರ ಹೊಸ ಥಾರ್‌ನಲ್ಲಿ ಎಲ್ಲ ವೇರಿಯಂಟಿಗೂ ಇದು ಇಲ್ಲ, ಹಾಗಾಗಿ ಆರ್‌ಸಿ ಜೊತೆಗೆ ವೇರಿಯಂಟ್ ಯಾವುದು ಅಂತ ಇನ್ವಾಯ್ಸ್ ನೋಡಿ. ಮಳೆಗಾಲದಲ್ಲಿ ಕೆರೆ ಅಂಗಳಕ್ಕೆ, ತೋಟಕ್ಕೆ ಇಳಿಸೋರಿಗೆ ಇದು ದುಡ್ಡು ಕೊಡಬೇಕಾದ ಭಾಗ. ಕೈಯಿಂದ ತಿರುಗಿಸಿ ನೋಡಿದರೆ ಗೊತ್ತಾಗಲ್ಲ. ಕೆಸರಲ್ಲಿ ಒಂದು ಹಿಂದಿನ ಚಕ್ರ ಜಾರಿಸಿ, ಸ್ವಲ್ಪ ಸುತ್ತಿದ ಮೇಲೆ ಕಟ್ ಅಂತ ಹಿಡಿದು ಇನ್ನೊಂದೂ ತಿರುಗುತ್ತಾ ನೋಡಬೇಕು.

ಅಣ್ಣ ಕೊನೆಗೆ ಅದೇ ಕಾರು ತಗೊಂಡ, ಆ 60,000 ಬಿಟ್ಟು. ಉಳಿದದ್ದರಲ್ಲಿ ಮೊದಲು ನಾಲ್ಕು ಟಯರ್ ಬದಲಾಯಿಸಿದ್ವಿ. ಹಳೇ ಟಯರಿನ ಪಕ್ಕದಲ್ಲಿ 2316 ಅಂತ ಇತ್ತು. 2016ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಥ್ರೆಡ್ ಚೆನ್ನಾಗೇ ಕಾಣ್ತಿತ್ತು, ರಬ್ಬರ್ ಮಾತ್ರ ಉಗುರಿಗೆ ಕಲ್ಲಿನಂತೆ ಸಿಗ್ತಿತ್ತು.