ನೆಲದಡಿಯ ಟ್ಯಾಂಕು ಮತ್ತು ನಮ್ಮ ಬಾವಿಯ ನೀರು

ಏಪ್ರಿಲ್-ಮೇ ತಿಂಗಳಲ್ಲಿ ಬಾವಿಯ ನೀರು ತಳ ಕಂಡಾಗ ಕೆಸರೆತ್ತುವ ಕೆಲಸ ಸುರುವಾಗುತ್ತದೆ. ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಡುವುದು, ಅದು ಆರದಿದ್ದರೆ ಉಸಿರಾಡಲು ಗಾಳಿಯಿದೆ ಎಂದು ತಿಳಿಯುವುದು ಹಿರಿಯರಿಂದ ಬಂದ ಕ್ರಮ. ಆದರೆ ಪೆಟ್ರೋಲಿನ ವಾಸನೆ ಬರುವ ಬಾವಿಗೆ ಹೀಗೆ ದೀಪ ಇಳಿಸಿದರೆ ಬಾವಿಯೇ ಹೊತ್ತಿಕೊಳ್ಳಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೆ ಬಾರದೆ ಬಾವಿಯೊಳಗೇ ತಂಗಿರುತ್ತದೆ. 'ನಮ್ಮ ಬಾವಿಗೆ ಪೆಟ್ರೋಲು ಎಲ್ಲಿಂದ ಬರಬೇಕು?' ಎಂದು ನೀವು ಕೇಳಬಹುದು. ಅದನ್ನೇ ಈ ಸಲ ನೋಡೋಣ.

ಪೆಟ್ರೋಲ್ ಬಂಕಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಪಂಪು ಮಾತ್ರ. ಸಾವಿರಾರು ಲೀಟರು ಹಿಡಿಯುವ ಟ್ಯಾಂಕುಗಳು ನೆಲದಡಿ ಹೂತಿರುತ್ತವೆ. ಉಕ್ಕಿನ ಟ್ಯಾಂಕು ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಇದ್ದರೆ ತುಕ್ಕು ಹಿಡಿದು ತೂತಾಗಬಹುದು. ಕೊಳವೆಯ ಜೋಡಣೆ ಸಡಿಲಾಗಬಹುದು. ಸೆಕೆಂಡಿಗೆ ಒಂದು ಹನಿ ಸೋರಿದರೂ ದಿನಕ್ಕೆ ಸುಮಾರು 4 ಲೀಟರು, ವರ್ಷಕ್ಕೆ 1,500 ಲೀಟರಿನಷ್ಟು ಮಣ್ಣಿಗೆ ಇಳಿಯುತ್ತದೆ.

ಪೆಟ್ರೋಲು ನೀರಿಗಿಂತ ಹಗುರ. ಅಂತರ್ಜಲವನ್ನು ಮುಟ್ಟಿದಾಗ ಅದರ ಹೆಚ್ಚಿನ ಪಾಲು ಮೇಲೆ ತೇಲುತ್ತದೆ. ಆದರೆ ಅದರಲ್ಲಿರುವ ಬೆಂಜೀನು ಮೊದಲಾದವು ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಕರಗಿ, ನೀರು ಹರಿದತ್ತ ಸಾಗುತ್ತವೆ. ಬೆಂಜೀನು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ 1 ಲಕ್ಷ ಲೀಟರು ನೀರನ್ನು ಈ ಮಿತಿಗೆ ಮುಟ್ಟಿಸಲು 1 ಗ್ರಾಂ ಬೆಂಜೀನು ಸಾಕು. ಅಷ್ಟು ಕಡಿಮೆ ಇರುವಾಗ ಅದರ ವಾಸನೆ ಮೂಗಿಗೆ ತಿಳಿಯುವುದಿಲ್ಲ. ಆದುದರಿಂದ ವಾಸನೆ ಬಂದ ಮೇಲೆ ನೋಡೋಣ ಎಂದು ಕಾಯುವುದು ಸರಿಯಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಸಾಂತಾ ಮೋನಿಕಾ ನಗರಕ್ಕೆ ಆದದ್ದು ಎಲ್ಲರಿಗೂ ಪಾಠ. ಹೊಗೆ ಕಡಿಮೆಯಾಗಲೆಂದು ಅಲ್ಲಿ ಪೆಟ್ರೋಲಿಗೆ ಎಂ.ಟಿ.ಬಿ.ಇ. ಎಂಬ ರಾಸಾಯನಿಕವನ್ನು ಬೆರೆಸುತ್ತಿದ್ದರು. ಅದು ನೀರಿನಲ್ಲಿ ಬೇಗ ಕರಗುತ್ತದೆ, ಮಣ್ಣಿನಲ್ಲಿ ನಿಲ್ಲದೆ ನೀರಿನಷ್ಟೇ ವೇಗದಲ್ಲಿ ಸಾಗುತ್ತದೆ. ನೆಲದಡಿಯ ಟ್ಯಾಂಕು ಮತ್ತು ಕೊಳವೆಗಳಿಂದ ಸೋರಿದ ಪೆಟ್ರೋಲಿನ ಜತೆ ಅದು ನಗರದ ನೀರಿನ ಬಾವಿಗಳನ್ನು ಸೇರಿತು. 1996ರಲ್ಲಿ ಬಾವಿಗಳನ್ನು ಮುಚ್ಚಬೇಕಾಯಿತು. ನಗರದ ನೀರಿನಲ್ಲಿ ಸುಮಾರು ಅರ್ಧದಷ್ಟು ಇಲ್ಲದಾಯಿತು. ಹೊರಗಿನಿಂದ ನೀರು ಕೊಂಡು ತರಬೇಕಾಯಿತು. ಶುದ್ಧೀಕರಣ ಘಟಕ ಕಟ್ಟಿ ಆ ಬಾವಿಗಳ ನೀರನ್ನು ಮತ್ತೆ ಬಳಸುವ ಹೊತ್ತಿಗೆ ಸುಮಾರು 14 ವರ್ಷ ಕಳೆದಿತ್ತು. ಹಣವಿದ್ದ ನಗರಕ್ಕೇ ಇಷ್ಟು ಕಾಲ ಬೇಕಾಯಿತೆಂದರೆ, ಒಂದೇ ಬಾವಿಯನ್ನು ನಂಬಿದ ಕೃಷಿಕನ ಪಾಡೇನು?

ಸೋರಿಕೆಯನ್ನು ಮೊದಲೇ ಹಿಡಿಯುವ ದಾರಿಗಳಿವೆ. ಅಮೆರಿಕ 1988ರಲ್ಲಿ ಇವಕ್ಕೆ ನಿಯಮ ಮಾಡಿತು. ಮೊದಲನೆಯದು ಲೆಕ್ಕ: ಟ್ಯಾಂಕಿಗೆ ದಿನಾಲೂ ಅಳತೆಕೋಲು ಇಳಿಸಿ, ತುಂಬಿದ್ದು, ಮಾರಿದ್ದು, ಉಳಿದದ್ದು ತಾಳೆಯಾಗುತ್ತದೆಯೇ ಎಂದು ನೋಡುವುದು. ಎರಡನೆಯದು, ಟ್ಯಾಂಕಿನೊಳಗೆ ಮಟ್ಟವನ್ನು ತಾನೇ ಅಳೆಯುವ ಯಂತ್ರ. ಮೂರನೆಯದು ಎರಡು ಗೋಡೆಯ ಟ್ಯಾಂಕು. ಒಳಗೋಡೆ ಸೋರಿದರೆ ನಡುವಿನ ಜಾಗದಲ್ಲಿ ಪತ್ತೆಯಾಗುತ್ತದೆ. ನಾಲ್ಕನೆಯದು, ಟ್ಯಾಂಕಿನ ಸುತ್ತ ಸಣ್ಣ ಕೊಳವೆಬಾವಿ ಕೊರೆದು ತಿಂಗಳಿಗೊಮ್ಮೆ ನೀರನ್ನು ಪರೀಕ್ಷಿಸುವುದು. ನೀರಿನ ಮೇಲೆ 3 ಮಿಲಿಮೀಟರಿನಷ್ಟು ಪೆಟ್ರೋಲು ತೇಲಿದರೂ ಅದು ತಿಳಿಯಬೇಕು. ನೀರು 20 ಅಡಿಗಿಂತ ಆಳದಲ್ಲಿರುವ ಕಡೆ ಈ ಕ್ರಮ ನಡೆಯದು.

ನಮ್ಮ ದೇಶದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಜನವರಿಯಲ್ಲಿ ಹೊಸ ಬಂಕುಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ, ಆಸ್ಪತ್ರೆ, ಜನವಸತಿಯ ಪ್ರದೇಶದಿಂದ ಅವು 50 ಮೀಟರು ದೂರದಲ್ಲಿರಬೇಕು. ಅನಿವಾರ್ಯವಾದರೆ ಹೆಚ್ಚಿನ ಸುರಕ್ಷಾ ಕ್ರಮಗಳೊಂದಿಗೆ ಇನ್ನೂ ಹತ್ತಿರವಿರಬಹುದು, ಆದರೆ 30 ಮೀಟರಿಗಿಂತ ಒಳಗೆ ಬರಕೂಡದು.

ನಮ್ಮ ಕಾಸರಗೋಡಿನ ನೆಲ ಮುರಕಲ್ಲಿನದು. ಅದರ ತೂತುಗಳಲ್ಲಿ ಮಳೆನೀರು ಬೇಗ ಇಳಿಯುತ್ತದೆ. ಸೋರಿದ ಪೆಟ್ರೋಲಿಗೂ ಅದೇ ದಾರಿ. ಅಂತರ್ಜಲ ಸಾಮಾನ್ಯವಾಗಿ ಗುಡ್ಡದಿಂದ ತಗ್ಗಿನತ್ತ ಹರಿಯುತ್ತದೆ. ಆದುದರಿಂದ ಹೆದ್ದಾರಿಯ ಅಂಚಿನ ಬಂಕಿನ ಕೆಳಬದಿಯಲ್ಲಿ ಬಾವಿ ಇರುವ ಮನೆಯವರು ಹೆಚ್ಚು ಜಾಗ್ರತೆ ವಹಿಸಬೇಕು.

ನೀರಿನಲ್ಲಿ ಎಣ್ಣೆಯ ಪಸೆ ಅಥವಾ ವಾಸನೆ ಕಂಡರೆ ಹೀಗೆ ಮಾಡಿರಿ. ಕುಡಿಯಲು, ಅಡಿಗೆಗೆ, ಸ್ನಾನಕ್ಕೆ ಆ ನೀರು ಬೇಡ, ದನಕರುಗಳಿಗೂ ಕೊಡಬೇಡಿರಿ. ಕುದಿಸಿದರೆ ಸರಿಯಾದೀತೆಂದು ತಿಳಿಯಬೇಡಿರಿ. ಆವಿ ಅಡುಗೆಮನೆಯಲ್ಲಿ ತುಂಬುತ್ತದೆ, ಬೆಂಕಿಯ ಅಪಾಯವೂ ಇದೆ. ಬಾವಿಯ ಬಳಿ ಬೀಡಿ, ದೀಪ ಬೇಡ. ಒಳಗೆ ಯಾರೂ ಇಳಿಯಬಾರದು. ನೀರನ್ನು ಪಂಪು ಮಾಡಿ ತೋಡಿಗೆ ಬಿಟ್ಟರೆ ಕೆಳಗಿನವರಿಗೂ ತೊಂದರೆ. ಪಂಚಾಯತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರವಣಿಗೆಯಲ್ಲೇ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿರಿ.

ಪರೀಕ್ಷೆಗೆ ಕೊಡುವಾಗ ಒಂದು ಮಾತು ನೆನಪಿರಲಿ. ಗಡಸುತನ, ಕೋಲಿಫಾರ್ಮ್ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಬೆಂಜೀನು ಕಾಣಿಸುವುದಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು. ಪ್ರಯೋಗಾಲಯದವರಿಂದಲೇ ಗಾಜಿನ ಸೀಸೆ ತಂದು, ಗಾಳಿಯ ಗುಳ್ಳೆ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಬೇಗ ತಲಪಿಸಬೇಕು.

ಬಂಕಿನವರನ್ನು ದೂರುವುದಕ್ಕೆಂದು ನಾವು ಇದನ್ನು ಬರೆಯುತ್ತಿಲ್ಲ. ಸೋರಿಕೆಯಿಂದ ಅವರಿಗೂ ನಷ್ಟವೇ. ನಮ್ಮ ಪಂಪುಶೆಡ್ಡಿನ ಡೀಸೆಲ್ ಡಬ್ಬ ಬಾವಿಕಟ್ಟೆಯ ಪಕ್ಕದಲ್ಲೇ ಇದೆಯೇ ಎಂಬುದನ್ನೂ ಇವತ್ತೇ ನೋಡೋಣ. ಇದ್ದರೆ ಬಾವಿಯಿಂದ ದೂರ, ತಗ್ಗಿನ ಬದಿಗೆ ಸಾಗಿಸಿ, ಅಡಿಯಲ್ಲಿ ಒಂದು ಬಾನಿ ಇಡೋಣ.