ಗುರ್ತದವರ ಗಾಡಿ ಆದ್ರೂ ಒಮ್ಮೆ ಲಿಫ್ಟಿಗೆ ಹತ್ತಿಸಿ

"ಬ್ರಹ್ಮಾವರದಗೊಂದ್ ಪೋಲೊ ಜಿಟಿ ಇತ್ತ್. ನಮ್ ಗುರ್ತದವ್ರದ್ದೇ. ಬೇಕಾರ್ ಬಂದ್ ಕಾಣ್" ಅಂತ ಮಾವ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. ಆ ರಾತ್ರಿಯೇ ಬಸ್ ಹತ್ತಿದೆ. ಮೂರು ವರ್ಷ ಒಟ್ಟು ಮಾಡಿದ ದುಡ್ಡು ಖಾತೆಯಲ್ಲಿತ್ತು.

ಪೋಲೊ ಜಿಟಿಯನ್ನು ಸ್ಪೋರ್ಟ್ಸ್ ಕಾರ್ ಅಂದ್ರೆ ಪೋರ್ಷೆ ಇಟ್ಟವರು ನಗಬಹುದು. ನಮ್ಮಂಥವರ ಬಜೆಟ್ಟಿಗೆ ಅದೇ ಸ್ಪೋರ್ಟ್ಸ್ ಕಾರ್. 2013ರಲ್ಲಿ ಬಂದ ಜಿಟಿ ಟಿಎಸ್‌ಐಗೆ 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. 2022ರಲ್ಲಿ ಭಾರತದಲ್ಲಿ ಪೋಲೊ ತಯಾರಿಯೇ ನಿಂತಿತು. ಈಗ ಬೇಕಂದ್ರೆ ಸೆಕೆಂಡ್ ಹ್ಯಾಂಡೇ ಗತಿ.

ಬ್ರಹ್ಮಾವರದಲ್ಲಿ ಗಾಡಿ ಫಳಫಳ ಹೊಳೆಯುತ್ತಿತ್ತು. ಮಾಲೀಕರು ಕಾಫಿ ಕೊಟ್ಟರು. ಅವರೂ ಅದನ್ನು 2023ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದವರು. ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿದೆ, ಟರ್ಬೊ ಎಳೆಯುವ ರಭಸಕ್ಕೆ ಮನಸ್ಸು ಸೋತೇ ಹೋಯ್ತು. ಐವತ್ತು ಸಾವಿರ ಅಡ್ವಾನ್ಸ್ ಕಳಿಸೋಕೆ ಮೊಬೈಲ್ ತೆಗೆದಾಗ ಪಕ್ಕದಲ್ಲಿದ್ದ ಅಪ್ಪಯ್ಯ ಮೆಲ್ಲಗೆ ಕೇಳಿದರು: "ಯಾರಿಗಾರೂ ತೋರ್ಸ್ದ್ಯಾ?"

ತೋರಿಸಿರಲಿಲ್ಲ. ಕಾರಣ ಬರೀ ಸಂಕೋಚ. ಮಾವನ ಗುರ್ತದವರು, ಕಾಫಿ ಕುಡಿದಾಗಿದೆ. "ನಿಮ್ಮ ಗಾಡೀನ ಮೆಕ್ಯಾನಿಕ್ ಹತ್ರ ಚೆಕ್ ಮಾಡಿಸ್ತೇನೆ" ಅಂದ್ರೆ ಅವರನ್ನೇ ನಂಬಲಿಲ್ಲ ಅಂದ ಹಾಗೆ ಅಲ್ವಾ? ನಮ್ಮೂರಲ್ಲಿ ಎಷ್ಟೋ ಜನ ಮುಗ್ಗರಿಸೋದು ಇಲ್ಲೇ. ಕೊನೆಗೆ ತಡವರಿಸುತ್ತಾ ಕೇಳಿದೆ. ಅವರು "ಅಡ್ಡಿಲ್ಲ, ತಕಂಡ್ ಹೋಯ್ನಿ" ಅಂದರು. ಕುಂದಾಪುರದಲ್ಲಿ ಈ ಕಂಪನಿಯ ಗಾಡಿಗಳ ಕೆಲಸ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಇದ್ದಾರೆ. ಅವರಿಗೆ ಈ ವ್ಯಾಪಾರದಲ್ಲಿ ಕಮಿಷನ್ ಇಲ್ಲ, ಮಾರುವವರ ಪರಿಚಯವೂ ಇಲ್ಲ. ಫೀಸು ಎರಡು ಸಾವಿರ, ನಾನೇ ಕೊಟ್ಟೆ.

ಎರಡು ಗಂಟೆಯಲ್ಲಿ ನೋಡಿದ್ದು

ಅವರ ಮೊದಲ ಷರತ್ತು: "ಎಂಜಿನ್ ತಣ್ಣಗಿರುವಾಗ ತನ್ನಿ." ಬಿಸಿ ಎಂಜಿನ್ ಅನೇಕ ರೋಗ ಮುಚ್ಚಿಡುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಚೈನಿನ ಕಟಕಟ ಸದ್ದು, ಸೈಲೆನ್ಸರಿನ ನೀಲಿ ಹೊಗೆ ಬೇಗ ಗೊತ್ತಾಗುತ್ತದೆ. ನೀಲಿ ಹೊಗೆ ಅಂದ್ರೆ ಆಯಿಲ್ ಸುಡುತ್ತಿದೆ ಅಂತ. ಟರ್ಬೊ ಗಾಡಿಯಲ್ಲಿ ಇದು ದುಬಾರಿ ಸುದ್ದಿ.

ಆಮೇಲೆ ಸ್ಕ್ಯಾನರ್. ಸಾಫ್ಟ್‌ವೇರ್‌ನವನಾದ ನನಗೆ ಇದು ಲಾಗ್ ಫೈಲ್ ಓದಿದ ಹಾಗೆ. ಆನ್‌ಲೈನಲ್ಲಿ ಸಿಗುವ ಅಗ್ಗದ ಒಬಿಡಿ ಡಾಂಗಲ್ ಸಾಮಾನ್ಯವಾಗಿ ಎಂಜಿನ್ನಿನ ಕೋಡ್ ಮಾತ್ರ ಓದುತ್ತದೆ. ಗೇರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್ ಕಂಪ್ಯೂಟರುಗಳನ್ನು ಓದಲು ಆ ಕಂಪನಿಯ ಗಾಡಿಗೆ ಹೊಂದುವ ಸ್ಕ್ಯಾನರ್ ಬೇಕು. ಹಿಂದಿನ ದಿನ ಕೋಡ್ ಅಳಿಸಿ ತಂದರೂ ರೆಡಿನೆಸ್ ಮಾನಿಟರುಗಳು ಅಪೂರ್ಣ ಅಂತ ತೋರಿಸಿ ಗುಟ್ಟು ಬಿಟ್ಟುಕೊಡುತ್ತವೆ.

ಈ ಡಿಎಸ್‌ಜಿಯಲ್ಲಿ ಎರಡು ಡ್ರೈ ಕ್ಲಚ್ ಇರುತ್ತವೆ. ಟ್ರಾಫಿಕ್ಕಿನಲ್ಲಿ ತೆವಳಿದ ಗಾಡಿಯಲ್ಲಿ ಇವು ಬೇಗ ಸವೆಯುತ್ತವೆ. ಖಾಲಿ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದ ನನಗೆ ಏನೂ ತಿಳಿದಿರಲಿಲ್ಲ. ಅವರು ಶಾಸ್ತ್ರಿ ಸರ್ಕಲ್ ಹತ್ತಿರದ ಟ್ರಾಫಿಕ್ಕಿನಲ್ಲಿ ಆಮೆ ವೇಗದಲ್ಲಿ ಓಡಿಸಿದರು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಸಣ್ಣ ನಡುಕ. ಬೈಂದೂರು ಕಡೆಯವರಾದರೆ ಒತ್ತಿನೆಣೆ ಏರಿನಲ್ಲಿ ನಿಧಾನಕ್ಕೆ ಹತ್ತಿಸಿ ನೋಡಬಹುದು.

ಬಣ್ಣದ ದಪ್ಪ ಅಳೆಯುವ ಮೀಟರ್ ಕೂಡ ಇತ್ತು. ಕಂಪನಿ ಪೇಂಟ್ ಸುಮಾರು 100ರಿಂದ 150 ಮೈಕ್ರಾನ್ ಇರುತ್ತದೆ. ಒಂದೇ ಡೋರಿನಲ್ಲಿ 400, 500 ಬಂದರೆ ಅಡಿಯಲ್ಲಿ ಪುಟ್ಟಿ ಇದೆ ಅಂತಲೇ ಲೆಕ್ಕ. ನಮ್ಮ ಗಾಡಿ ಇದರಲ್ಲಿ ಪಾಸಾಯ್ತು. ಟೈರಿನ ಪಕ್ಕದ ನಾಲ್ಕಂಕಿ ಕೋಡ್ ನೀವೇ ಓದಬಹುದು: 2319 ಅಂದ್ರೆ 2019ರ 23ನೇ ವಾರದ ಟೈರ್.

ಕೊನೆಗೆ ಲಿಫ್ಟ್. ಮರವಂತೆ, ಗಂಗೊಳ್ಳಿಯಂಥ ಕಡಲ ಬದಿಯಲ್ಲಿ ನಿಲ್ಲಿಸಿದ ಗಾಡಿಗೆ ಉಪ್ಪುಗಾಳಿ ಅಡಿಯಿಂದಲೇ ತಿನ್ನುತ್ತದೆ, ಮೇಲಿನ ಹೊಳಪಲ್ಲಿ ಕಾಣೋದಿಲ್ಲ. ಆದರೆ ಇಲ್ಲಿದ್ದ ತುಕ್ಕು ಉಪ್ಪುಗಾಳಿಯದ್ದಲ್ಲ. ಅದು ಸೀಟಿನ ಅಡಿಯ ಕಂಬಿಗಳಲ್ಲಿತ್ತು. ಕಾರ್ಪೆಟ್ ಎತ್ತಿದರೆ ನಯವಾದ ಕೆಸರು. ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯಲ್ಲಿ ಮಣ್ಣಿನ ಗೆರೆ. "ಈ ಗಾಡಿ ನೀರ್ ಕುಡ್ದಿತ್ ಮಾರ್ರೆ" ಅಂದರು.

ಎಲ್ಲಿ ಕುಡಿದದ್ದೋ, ಯಾವ ಮಳೆಯೋ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆಯ ಲೇಔಟುಗಳಲ್ಲಿ ಕಾರುಗಳು ಮುಳುಗಿದ್ದನ್ನು ನಾನೇ ನೋಡಿದ್ದೆ. ಮುಳುಗಿದ ಗಾಡಿ ತೊಳೆದು ಒಣಗಿಸಿದರೆ ಓಡುತ್ತದೆ. ಆದರೆ ವೈರಿಂಗ್ ಕನೆಕ್ಟರುಗಳ ಒಳಗೆ ಹಸಿರು ಕಿಲುಬು ನಿಧಾನಕ್ಕೆ ಬೆಳೆಯುತ್ತದೆ. ಸ್ಕ್ಯಾನರಿನಲ್ಲಿ ಏರ್‌ಬ್ಯಾಗಿನ ಕೋಡ್ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಹತ್ತಬೇಕಿದ್ದ ಏರ್‌ಬ್ಯಾಗ್ ಲೈಟ್ ಮಾತ್ರ ಹತ್ತಿರಲಿಲ್ಲ. ಯಾರೋ ಅದನ್ನು ಹತ್ತದ ಹಾಗೆ ಮಾಡಿದ್ದರು. ಅಪಘಾತವಾದರೆ ಏರ್‌ಬ್ಯಾಗ್ ತೆರೆದುಕೊಳ್ಳುತ್ತದೆ ಅನ್ನುವ ಭರವಸೆಯೇ ಇರಲಿಲ್ಲ.

ಕಾಗದಪತ್ರಕ್ಕೂ ಇನ್‌ಸ್ಪೆಕ್ಷನ್ ಬೇಕು

ಪರಿವಾಹನ್ ಸೈಟಿನಲ್ಲಿ ನಂಬರ್ ಹಾಕಿ ಎಷ್ಟನೇ ಮಾಲೀಕರು, ಬ್ಯಾಂಕ್ ಸಾಲ ಬಾಕಿ ಇದೆಯಾ, ಚಲನ್ ಇದೆಯಾ ನೋಡಿ. ಸಾಲ ಇದ್ದದ್ದಾದರೆ ತೀರಿದ ಮೇಲೆ ಬ್ಯಾಂಕಿನ ಫಾರ್ಮ್ 35 ಬೇಕು. ಹಳೆಯ ಇನ್ಶೂರೆನ್ಸ್ ಪಾಲಿಸಿಗಳನ್ನೂ ಕೇಳಿ. ನೋ ಕ್ಲೇಮ್ ಬೋನಸ್ ನಡುವೆ ಸೊನ್ನೆಗೆ ಇಳಿದಿದ್ದರೆ ಕ್ಲೇಮ್ ಆಗಿರಬಹುದು, ಯಾಕೆ ಅಂತ ವಿಚಾರಿಸಿ. ವ್ಯಾಪಾರ ಕುದುರಿದರೆ ಫಾರ್ಮ್ 29, 30ಕ್ಕೆ ಸಹಿ ಮಾಡಿಸಿ ಆರ್‌ಸಿ ಬೇಗ ವರ್ಗ ಮಾಡಿಸಿ. ಇನ್ಶೂರೆನ್ಸ್ ಹೆಸರು ಬದಲಿಸಲು ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು.

ಸಂಜೆ ಗಾಡಿ ವಾಪಸ್ ಕೊಡಲು ಹೋದಾಗ ನನಗೆ ಎದೆ ಡವಡವ. ರಿಪೋರ್ಟ್, ಫೋಟೊ ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಂಗೂ ಗೊತ್ತಿರ್ಲಿಲ್ಲೆ ಮಾರಾಯ. ಮಗಳನ್ನ್ ದಿನಾ ಇದ್ರಗೇ ಶಾಲೆಗೆ ಬಿಡುದ್" ಅಂದರು. ತರುವಾಗ ಅವರೂ ಯಾರಿಗೂ ತೋರಿಸಿರಲಿಲ್ಲವಂತೆ. ಅವರಿಗೆ ಕೊಟ್ಟವರೂ "ಗುರ್ತದವರೇ" ಆಗಿದ್ದರು.

ಮರುವಾರ ಅವರು ಅದೇ ಮೆಕ್ಯಾನಿಕ್ ಹತ್ತಿರ ಏರ್‌ಬ್ಯಾಗಿನ ಕೆಲಸಕ್ಕೆ ಗಾಡಿ ಬಿಟ್ಟರು ಅಂತ ಮಾವ ಹೇಳಿದರು. ಇನ್‌ಸ್ಪೆಕ್ಷನ್ ಕೇಳಿದರೆ ಅವಮಾನವಾಗುತ್ತದೆ ಅಂತ ಹೆದರಿದ್ದೆ. ಕೇಳದೇ ಇದ್ದಿದ್ದರೆ ನನ್ನ ದುಡ್ಡು ಹೋಗುತ್ತಿತ್ತು, ಸಂಬಂಧವೂ ಹೋಗುತ್ತಿತ್ತು. ಮೊದಲ ಫೋನಿನಲ್ಲೇ ಹೇಳಿಬಿಡಿ: "ಗಾಡಿ ಇಷ್ಟವಾದ್ರೆ ನನ್ನ ಖರ್ಚಲ್ಲಿ ಒಮ್ಮೆ ಚೆಕ್ ಮಾಡಿಸ್ತೇನೆ, ಅಡ್ವಾನ್ಸ್ ಆಮೇಲೆ." ಕಾಫಿ ಕುಡಿದ ಮೇಲೆ ಈ ಮಾತು ಕಷ್ಟ.

ಬೈಂದೂರಿನಲ್ಲಿ ಇನ್ನೊಂದು ಜಿಟಿ ಇದೆಯಂತೆ, ಭಾನುವಾರ ನೋಡಲು ಹೋಗ್ತಿದ್ದೇನೆ. ಮೆಕ್ಯಾನಿಕ್‌ಗೆ ಆಗಲೇ ಫೋನ್ ಮಾಡಿ ಆಗಿದೆ.